ಮಾಡಿನ ಗಾಜು

ಉಡುಪಿ ಕಡೆಯ ರಕ್ತ ಮೈಯಲ್ಲಿದ್ದೂ ತೆಂಗಿನಮರದ ಬುಡದಲ್ಲಿ ಗಾಡಿ ನಿಲ್ಲಿಸುವವನಿಗೆ ಏನು ಹೇಳುವುದು? ನಾನಂತೂ ಹೇಳಿಯೇ ಬಿಟ್ಟೆ.

"ನಿಮ್ಮ ಅಜ್ಜ ಇದ್ದಿದ್ರೆ ಕಿವಿ ಹಿಂಡ್ತಿದ್ರು ಮಾರಾಯ್ರೆ."

"ಅಂಕಲ್, ಸೊಸೈಟಿ ಕಾ ಝಾಡ್ ಹೈ, ಮರ ಕಡಿಲಿಕ್ಕೆ ಬಿಡೂದಿಲ್ಲ. ಪಾರ್ಕಿಂಗ್ ಮತ್ತೆಲ್ಲಿ ಸಿಗ್ತದೆ?" ಎಂದ ಅವನು.

ಮೂವತ್ತರ ಆಸುಪಾಸಿನವನು. ನೆರೂಳದಲ್ಲೇ ಹುಟ್ಟಿ ಬೆಳೆದು, ಅಪ್ಪನಿಂದ ಬಂದ ಹೋಟೆಲು ನಡೆಸುತ್ತಿದ್ದ. ಗಾಡಿ ಎಂದರೆ ಹೊರದೇಶದಿಂದ ತರಿಸಿದ ಕರೆಂಟಿನ ಪಿಕಪ್. ಮುಂದೆ ಐದು ಜನ ಕೂರುವ ಕ್ಯಾಬಿನ್, ಹಿಂದೆ ತರಕಾರಿ ಮೂಟೆ ಹಾಕುವಷ್ಟು ಜಾಗ. ಹೇಗೆ ತರಿಸಿದ, ಕಾಗದಪತ್ರ ಏನು ಎಂದು ನಾನು ಕೇಳಲಿಲ್ಲ. ಕ್ಯಾಬಿನ್ನಿನ ಮಾಡು, ಅಂದರೆ ಚಾವಣಿ, ಪೂರ್ತಿ ಒಂದೇ ಗಾಜು, ಮುಂದಿನ ಸೀಟಿನವರ ತಲೆಯಿಂದ ಹಿಂದಿನವರ ತಲೆಯವರೆಗೆ. ಅದರ ಮೇಲೆ ಒಣ ಕಾಯಿಯೊಂದು ಬಿದ್ದು ಇಡೀ ಗಾಜು ಜೇಡರ ಬಲೆಯ ಹಾಗೆ ಬಿರುಕು ಬಿಟ್ಟಿತ್ತು. ಮೇಲೆ ನೀಲಿ ಪ್ಲಾಸ್ಟಿಕ್ಕಿನ ತಾಡಪತ್ರಿ ಕಟ್ಟಿಕೊಂಡು, ಠಾಣೆಯ ವಾಗ್ಳೆ ಎಸ್ಟೇಟಿನಲ್ಲಿರುವ ನನ್ನ ಗಾಜಿನ ಅಂಗಡಿಗೆ ಬಂದಿದ್ದ. ನನಗಿಂತ ಮೊದಲು ಅವನ ಗಾಡಿ ನೋಡಿದ ಎರಡು ಕಡೆಯವರು ನಮ್ಮಿಂದ ಆಗುವುದಿಲ್ಲ ಎಂದಿದ್ದರಂತೆ.

ನಾನು ಆಗುತ್ತದೆ ಎಂದೆ. ಗಾಜು ತರಿಸಿಕೊಡಿ, ಕೂರಿಸುವುದು ನನ್ನ ಜವಾಬ್ದಾರಿ ಎಂದೆ. ನನ್ನ ಹೆಂಡತಿಯ ತಮ್ಮ ಪಕ್ಕದಲ್ಲೇ ನಿಂತಿದ್ದ. ಇಪ್ಪತ್ತಾರು ವರ್ಷದಿಂದ ಅಂಗಡಿಯಲ್ಲಿ ನನ್ನ ಜೊತೆಗಿರುವವನು ಅವನೊಬ್ಬನೇ. ಅವನು ನನ್ನ ಮುಖವನ್ನೊಮ್ಮೆ ನೋಡಿದ.

ಆಗುತ್ತದೆ ಎಂದದ್ದು ಗಿರಾಕಿಗಲ್ಲ, ನನಗೆ ನಾನೇ ಹೇಳಿಕೊಂಡದ್ದು. ನನ್ನ ಬಲಗೈಯ ಬೆರಳುಗಳು ಆಗಲೇ ಸಾಯುತ್ತಾ ಬಂದಿದ್ದವು. ಹತ್ತು ವರ್ಷದ ಸಕ್ಕರೆ ಕಾಯಿಲೆ. ಮೊದಲು ಕಾಲಿನ ಬೆರಳು ಜುಮ್ಮೆಂದಿತು, ಆಮೇಲೆ ಕೈ. ಒಂದು ದಿನ ಡೊಂಬಿವಲಿಯ ಮನೆಯಲ್ಲಿ ದೋಸೆ ಕಾವಲಿ ಸರಿಸಲು ಹೋಗಿ, ಸುಟ್ಟ ಚರ್ಮದ ವಾಸನೆ ಬಂದ ಮೇಲೆ ಕೈ ತೆಗೆದೆ. ಹೆಂಡತಿ ಬೈದಳು. "ಅವಸರ ಎಂತದು ನಿಮ್ಗೆ?" ಹೌದು, ಅವಸರ ಎಂದೆ. ಲೋಕಲ್ ಟ್ರೈನಿನಲ್ಲಿ ಕಂಬಿಯನ್ನು ಬೆರಳಿನಿಂದ ಹಿಡಿಯದೆ ಮೊಣಕೈಯಲ್ಲಿ ಬಳಸಿ ಹಿಡಿಯಲು ಕಲಿತೆ. ಕಲ್ಯಾಣದ ಡಾಕ್ಟರು ನನ್ನ ಬೆರಳಿಗೆ ಸೂಜಿ ಚುಚ್ಚಿ, ಚುಚ್ಚಿದ್ದು ಗೊತ್ತಾಯಿತೇ ಎಂದು ಮರಾಠಿಯಲ್ಲಿ ಕೇಳಿದರು. ಯಾವಾಗ ಚುಚ್ಚಿದಿರಿ ಎಂದು ನಾನೇ ಕೇಳಬೇಕಾಯಿತು. ಗಾಜಿನ ಕೆಲಸ ಬಿಡಿ ಎಂದರು. ಹೇಳುವುದು ಸುಲಭ. ಹದಿನಾರನೇ ವಯಸ್ಸಿಗೆ ಈ ಕೆಲಸಕ್ಕೆ ಕೈ ಹಾಕಿದವನು ಐವತ್ತೆಂಟಕ್ಕೆ ಬಿಟ್ಟು ಏನು ಮಾಡಬೇಕು, ದೇವಸ್ಥಾನದ ಎದುರು ಚಪ್ಪಲಿ ಕಾಯಬೇಕೆ? ಮನೆಯಲ್ಲೂ ಹೇಳಲಿಲ್ಲ, ಅಂಗಡಿಯಲ್ಲೂ ಹೇಳಲಿಲ್ಲ. ಯಾರೂ ಮಾಡಲಾರದ ಈ ಒಂದು ಮಾಡನ್ನು ಕೂರಿಸಿಬಿಟ್ಟರೆ ಡಾಕ್ಟರೇ ಸುಳ್ಳು ಎಂದು ನನ್ನೊಳಗೆ ಒಂದು ಹಟ ಕೂತಿತ್ತು. ಹಟವಲ್ಲ, ಹೆದರಿಕೆ. ಈಗ ಒಪ್ಪಿಕೊಳ್ಳುತ್ತೇನೆ.

ಗಾಜು ಬರಲು ನಾಲ್ಕು ತಿಂಗಳು ಹಿಡಿಯಿತು. ಮರದ ಪೆಟ್ಟಿಗೆಯಲ್ಲಿ ಬಂತು. ಇದೊಂದೇ ಸಿಕ್ಕಿತು, ಇದು ಒಡೆದರೆ ಇನ್ನೊಂದು ಸಿಗುವ ಭರವಸೆ ಇಲ್ಲ ಎಂದು ಗಿರಾಕಿ ಮೊದಲೇ ಹೇಳಿದ. ಜೊತೆಗೆ ತಾಯಿಯನ್ನೂ ಕರೆತಂದಿದ್ದ. ಎಪ್ಪತ್ತು ದಾಟಿದ ಹೆಂಗಸು, ಹಣೆಯಲ್ಲಿ ಕಾಸಿನಗಲ ಕುಂಕುಮ. ಅವರು ಯಾವಾಗಲೂ ಆ ಗಾಡಿಯ ಹಿಂದಿನ ಸೀಟಿನಲ್ಲಿ ಕೂರುವವರಂತೆ.

"ಇವನ ಗಾಡಿಯಲ್ಲಿ ಕೂತ್ರೆ ಅಂಗಳದಲ್ಲಿ ಮಲಗಿದ ಹಾಗೆ ಆಗ್ತದೆ. ಆಕಾಶ ಕಾಣ್ತದಲ್ಲ" ಎಂದರು ನನ್ನೊಡನೆ. "ತಾಡಪತ್ರಿ ಹಾಕಿದ ಮೇಲೆ ಬಾವಿಯೊಳಗೆ ಕೂತ ಹಾಗೆ."

ಹಳೆಯ ಗಾಜು ತೆಗೆಯುವುದಕ್ಕೆ ಬೆಳಿಗ್ಗೆಯಿಂದ ಮಧ್ಯಾಹ್ನವಾಯಿತು. ಅಂಟಿನ ನಡುವೆ ತೆಳು ತಂತಿ ತೂರಿಸಿ, ಒಳಗೊಬ್ಬ ಹೊರಗೊಬ್ಬ ನಿಂತು, ಗರಗಸದ ಹಾಗೆ ಎಳೆಯುತ್ತಾ ಸುತ್ತಲೂ ಕೊಯ್ಯಬೇಕು. ನಾವಿಬ್ಬರೂ ಮಾತಿಲ್ಲದೆ ಮಾಡುವ ಕೆಲಸ ಅದು. ಆಮೇಲೆ ಹೊಸ ಗಾಜನ್ನು ಸ್ಟ್ಯಾಂಡಿನ ಮೇಲೆ ಒಳಮೈ ಮೇಲಾಗಿ ಮಲಗಿಸಿದೆವು. ಸುತ್ತಲೂ ನಾಲ್ಕು ಬೆರಳು ಅಗಲದ ಕಪ್ಪು ಪಟ್ಟಿ. ಅಂಟು ಹಿಡಿಯುವುದು ಆ ಪಟ್ಟಿಗೆ. ಸ್ಕ್ರೂ ಇಲ್ಲ, ಬೋಲ್ಟು ಇಲ್ಲ, ಇಡೀ ಮಾಡು ನಿಲ್ಲುವುದು ಅಂಟಿನ ಮೇಲೆ. ಗಾಜಿಗೆ ಕಚ್ಚಿಕೊಂಡು ಅದನ್ನು ಎತ್ತಿ ಹಿಡಿಯುವ ನಮ್ಮ ರಬ್ಬರ್ ಕಪ್ಪುಗಳು ಇಷ್ಟು ದೊಡ್ಡ ಗಾಜಿಗೆ ಸಾಲವು ಎಂದು ಭಾವಮೈದ ದೊಡ್ಡವನ್ನು ಕೇಳಿ ತರಲು ಆಚೆ ಗಲ್ಲಿಗೆ ಹೋದ.

ಹೊಸ ಗಾಜು ಗಾಡಿಗೆ ಏರುವ ಮುಂಚೆ ಮೂಲೆಯಲ್ಲಿ ಒಂದು ಕುಂಕುಮದ ಬೊಟ್ಟು ಇಡುವುದು ನಮ್ಮ ಅಂಗಡಿಯ ಕ್ರಮ. ಹೊರಮೈಗೆ, ಒಣ ಕುಂಕುಮ. ಸಾಮಾನ್ಯವಾಗಿ ನಾನೇ ಇಡುತ್ತೇನೆ. ಆ ದಿನ ಆ ತಾಯಿ ಚೀಲದಿಂದ ಕರಡಿಗೆ ತೆಗೆದು, "ನಾನು ಇಡಲಾ?" ಎಂದು ಕೇಳಿದರು. ಮನೆಯ ಹಿರಿಯರು ಕೇಳುವಾಗ ಬೇಡ ಎನ್ನುವುದುಂಟೆ?

"ಇಡಿಯಮ್ಮ, ಮೂಲೆಗೆ ಇಡಿ" ಎಂದು ನಾನು ಅಂಟಿನ ಗನ್ನಿಗೆ ನಳಿಕೆ ಹಾಕಲು ಒಳಗೆ ಹೋದೆ.

ತಿರುಗಿ ಬಂದಾಗ ಬೊಟ್ಟು ಒಳಮೈಯಲ್ಲಿತ್ತು, ಸರಿಯಾಗಿ ಕಪ್ಪು ಪಟ್ಟಿಯ ಮೇಲೆ. ತಪ್ಪು ಅವರದ್ದಲ್ಲ. ಕಣ್ಣೆದುರು ಇದ್ದ ಮೈ ಅದೇ, ಕೆಳಗೆ ಬಗ್ಗಿ ಹೊರಮೈ ಹುಡುಕಲು ಅವರಿಗೆ ಸೊಂಟ ಬೇಕಲ್ಲ. ಅವರಿಗೆ ಬೇಸರವಾಗದಿರಲಿ ಎಂದು, ಅವರು ಆಚೆ ಹೋಗಿ ಸ್ಟೂಲಿನ ಮೇಲೆ ಕೂತ ಮೇಲೆ ಬಟ್ಟೆಯಿಂದ ಒರೆಸಿದೆ. ಕಣ್ಣಿಗೆ ಕಾಣುವಷ್ಟು ಕೆಂಪು ಹೋಯಿತು. ಆಮೇಲೆ ನನ್ನ ಹಳೆಯ ಅಭ್ಯಾಸದಂತೆ ಪಟ್ಟಿಯ ಉದ್ದಕ್ಕೂ ಬೆರಳು ಎಳೆದು ನೋಡಿದೆ. ಶುದ್ಧವಾದ ಗಾಜು ಬೆರಳನ್ನು ಹಿಡಿದುಕೊಳ್ಳುತ್ತದೆ. ಜಿಡ್ಡಿದ್ದರೆ ಬೆರಳು ಜಾರುತ್ತದೆ. ಬೆರಳು ತಾಗಿಸಲೇಬಾರದು ಎಂದು ಅಂಟಿನ ಡಬ್ಬಿಯ ಮೇಲೆ ಬರೆದಿರುತ್ತದೆ, ಆದರೆ ನನಗೆ ಕಲಿಸಿದ ಉಸ್ತಾದ ಡಬ್ಬಿ ಓದಿದವನಲ್ಲ. ಆ ದಿನ ನನ್ನ ಬೆರಳು ಹಿಡಿಯಿತು ಎನ್ನಲಿಲ್ಲ, ಜಾರಿತು ಎನ್ನಲಿಲ್ಲ. ಅದು ಏನೂ ಹೇಳಲಿಲ್ಲ. ಏನೂ ಹೇಳದ್ದನ್ನು ನಾನು ಶುದ್ಧ ಎಂದುಕೊಂಡೆ. ಅಂಟು ಕಚ್ಚಿಕೊಳ್ಳಲೆಂದು ಹಚ್ಚುವ ಕಪ್ಪು ಪ್ರೈಮರನ್ನು ಮೇಲಿಂದ ಬಳಿದುಬಿಟ್ಟೆ.

ಭಾವಮೈದ ದೊಡ್ಡ ರಬ್ಬರ್ ಕಪ್ಪುಗಳನ್ನು ಹಿಡಿದುಕೊಂಡು ಬಂದ. ಗಾಜು ನೋಡಿದ. "ಪ್ರೈಮರ್ ಹಾಕಿ ಆಯ್ತಾ ಭಾವ? ನಾನು ಒಮ್ಮೆ ಒರೆಸಿ ನೋಡ್ತಿದ್ದೆ."

"ನಾನು ಮಾಡಿದ ಮೇಲೆ ನೀನು ಎಂತ ನೋಡುವುದು?" ಎಂದೆ. ಗಿರಾಕಿಯ ಎದುರು, ಅವನ ತಾಯಿಯ ಎದುರು. "ನನಗೇ ಕಲಿಸ್ಲಿಕ್ಕೆ ಬರ್ತೀಯಾ?"

ಅವನು ತಲೆ ತಗ್ಗಿಸಿದ. ಗಾಡಿಯ ಅಂಚಿಗೆ ಅಂಟಿನ ಗೆರೆ ಎಳೆದೆ. ಇಬ್ಬರೂ ಎರಡು ಬದಿಗೆ ರಬ್ಬರ್ ಕಪ್ಪು ಹಿಡಿದು ಗಾಜನ್ನು ಎತ್ತಿ, ತಿರುಗಿಸಿ, ಇಳಿಸಿದೆವು. ಕೂದಲೆಳೆ ಹೆಚ್ಚುಕಡಿಮೆ ಇಲ್ಲದೆ ಕೂತಿತು. ಎಷ್ಟು ದಿನವಾಗಿತ್ತೋ ಅಂಥ ಖುಷಿಯಾಗಿ. ಡಾಕ್ಟರರ ಮುಖ ನೆನಪಾಗಿ ಒಳಗೊಳಗೇ ನಕ್ಕೆ.

ಆಗ ಆ ತಾಯಿ ಸ್ಟೂಲಿನಿಂದಲೇ ಹೇಳಿದರು. "ನನ್ನ ಬೊಟ್ಟು ಒಳಗೇ ಉಳೀತಲ್ಲ, ಒಳ್ಳೇದಾಯ್ತು. ಒಂಚೂರು ತೆಂಗಿನೆಣ್ಣೆ ಮುಟ್ಟಿಸಿ ಇಟ್ಟಿದ್ದೇನೆ. ಅಷ್ಟು ಬೇಗ ಅಳಿಯೂದಿಲ್ಲ."

ನಾನು ನನ್ನ ಬೆರಳು ನೋಡಿಕೊಂಡೆ. ತುದಿಯಲ್ಲಿ ತೆಳ್ಳಗೆ ಕೆಂಪು, ಮೇಲೆ ಜಿಡ್ಡಿನ ಹೊಳಪು. ಆ ಎಣ್ಣೆಯನ್ನು ನಾನೇ ಈ ಬೆರಳಿನಿಂದ ಪಟ್ಟಿಯ ಉದ್ದಕ್ಕೂ ಸವರಿಕೊಂಡು ಹೋಗಿದ್ದೆ. ಬೊಟ್ಟಿನಷ್ಟಿದ್ದದ್ದನ್ನು ಮೊಳದಷ್ಟು ಮಾಡಿದ್ದೆ. ಎಣ್ಣೆಯ ಮೇಲೆ ಬಳಿದ ಪ್ರೈಮರ್ ಇಂದು ಹಿಡಿದ ಹಾಗೆ ಕಾಣುತ್ತದೆ, ಮಳೆಗಾಲದಲ್ಲಿ ಸಿಪ್ಪೆಯ ಹಾಗೆ ಏಳುತ್ತದೆ. ಮೊದಲು ನೀರು ಬರುತ್ತದೆ. ಆಮೇಲೆ ಹೈವೇಯಲ್ಲಿ ಗಾಳಿ ಒಳಗೆ ನುಗ್ಗುತ್ತದೆ.

ಸುಳ್ಳು ಯಾಕೆ ಹೇಳಲಿ, ಮೊದಲು ಬಂದ ಯೋಚನೆ ಸುಮ್ಮನಿರುವ ಅಂತ. ಯಾರಿಗೆ ಗೊತ್ತಾಗುತ್ತದೆ? ಕಪ್ಪು ಪಟ್ಟಿಯ ಹಿಂದೆ ಏನಿದೆ ಎಂದು ದೇವರೂ ನೋಡಲಾರ. ಉಳಿದ ಕಡೆ ಅಂಟು ಗಟ್ಟಿಯಾಗಿ ಹಿಡಿದೀತು. ಹೇಳಿದರೆ ಗಾಜು ಮತ್ತೆ ಎತ್ತಬೇಕು, ಹಸಿ ಅಂಟು ಎಳೆಯುವಾಗ ಒಂದು ಮೂಲೆ ತಿರುಚಿದರೆ ಮುಗಿಯಿತು. ಅದಕ್ಕಿಂತ ಹೆಚ್ಚಾಗಿ, ಬೆರಳು ಎಳೆದು ನೋಡಿಯೂ ಎಣ್ಣೆ ಹೇಗೆ ಗೊತ್ತಾಗಲಿಲ್ಲ ಎಂದು ಕೇಳುತ್ತಾರೆ. ಅದಕ್ಕೆ ನನ್ನ ಬಳಿ ಇದ್ದದ್ದು ಒಂದೇ ಉತ್ತರ. ಅಂಟಿನ ಹೊರಮೈ ಬಿಗಿಯಲು ಇಪ್ಪತ್ತು ನಿಮಿಷ, ಎತ್ತುವುದಿದ್ದರೆ ಅಷ್ಟರೊಳಗೆ ಎತ್ತಬೇಕು. ನಾನು ಐದು ನಿಮಿಷ ಹಾಗೇ ನಿಂತೆ.

ಅಷ್ಟರಲ್ಲಿ ಮಗ ಹಿಂದಿನ ಬಾಗಿಲು ತೆರೆದ, ತಾಯಿ ಒಳಗೆ ಹತ್ತಿ ಕೂತರು. ತಲೆ ಹಿಂದಕ್ಕೆ ಒರಗಿಸಿ ಮೇಲೆ ನೋಡಿದರು. ಹೊಸ ಗಾಜಿನ ಮೂಲಕ ಅಂಗಡಿಯ ತಗಡು ಮಾತ್ರ ಕಾಣುತ್ತಿತ್ತು, ಆದರೂ ಅವರ ಮುಖ ಅರಳಿತ್ತು. ನಾನು ಅಂಟಿಸಿದ ಗಾಜು ಸರಿಯಾಗಿ ಅವರ ನೆತ್ತಿಯ ಮೇಲಿತ್ತು.

"ಅಮ್ಮ, ಇಳೀರಿ" ಎಂದೆ. "ಇದು ತೆಗೀಬೇಕು."

ಗಿರಾಕಿಯ ಮುಖ ಬಿಳಿಚಿತು. "ಕ್ಯಾ ಹುವಾ ಅಂಕಲ್? ಟೂಟಾ ಕ್ಯಾ?"

"ಒಡೆದಿಲ್ಲ." ತಾಯಿ ಇಳಿದು ಸ್ಟೂಲಿನ ಕಡೆ ಹೋದ ಮೇಲೆ ದನಿ ತಗ್ಗಿಸಿ ಹೇಳಿದೆ. "ಕೆಳಗೆ ಎಣ್ಣೆ ಉಂಟು. ನನ್ನ ತಪ್ಪು." ಆಮೇಲೆ ಭಾವಮೈದನ ಕಡೆ ತಿರುಗಿದೆ. ಅವನ ಮುಖ ನೋಡಲಾಗದೆ ಅವನ ಅಂಗಿಯ ಗುಂಡಿ ನೋಡುತ್ತಾ ಹೇಳಿದೆ. "ನನ್ನ ಬೆರಳಿಗೆ ಗೊತ್ತಾಗೂದಿಲ್ಲ ಮಾರಾಯ. ಸುಮಾರು ಸಮಯ ಆಯ್ತು."

"ನನಗೆ ಗೊತ್ತುಂಟು ಭಾವ."

"ಎಂತ ಗೊತ್ತುಂಟು?"

"ದೀಪಾವಳಿಯಿಂದ ನಿಮ್ಮ ಹಿಂದಿಂದ ನಾನೇ ಒರೆಸ್ತಾ ಇದ್ದದ್ದು. ಪ್ರತಿ ಗಾಜು. ಚಾ ಕುಡಿದು ಬನ್ನಿ ಅಂತ ಕಳಿಸ್ತಿದ್ದೆನಲ್ಲ, ಆಗ." ದನಿ ಏರಿಸಲಿಲ್ಲ. "ಇವತ್ತು ಒರೆಸ್ಲಿಕ್ಕೆ ನೀವು ಬಿಡ್ಲಿಲ್ಲ."

ದೀಪಾವಳಿಯಿಂದ ಎಂದರೆ ಏಳು ತಿಂಗಳು. ಏಳು ತಿಂಗಳು ನಾನು ಚಾ ಕುಡಿಯುತ್ತಾ, ಭಾವನೆಂದರೆ ಎಂಥ ಮರ್ಯಾದೆ ಇವನಿಗೆ ಎಂದು ಬೀಗಿದ್ದೆ. ನೆಲ ಬಾಯಿ ಬಿಡಬಾರದೆ ಎನ್ನಿಸಿತು. ಸಿಟ್ಟೂ ಬಂತು. ಯಾರ ಮೇಲೆ ಎಂದು ಈಗಲೂ ತಿಳಿಯದು.

ಗಾಜು ಒಡೆಯಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಎತ್ತಿದರು, ಹಸಿ ಅಂಟು ಕೆರೆದರು, ಪಟ್ಟಿಯನ್ನು ಮೂರು ಸಲ ತೊಳೆದು ಹೊಸ ಪ್ರೈಮರ್ ಹಾಕಿದರು, ಸಂಜೆಯೊಳಗೆ ಮತ್ತೆ ಕೂರಿಸಿದರು. ಮಾರನೆಯ ದಿನ ಪೈಪಿನಿಂದ ಅರ್ಧ ಗಂಟೆ ನೀರು ಬಿಟ್ಟು ನೋಡಿದರೂ ಹನಿ ಒಳಗೆ ಇಳಿಯಲಿಲ್ಲ. ಆ ತಾಯಿ ಅದರಲ್ಲೇ ಕೂತು ನೆರೂಳಕ್ಕೆ ಹೋದರು. ಅವರ ಬೊಟ್ಟಿನಿಂದ ಇಷ್ಟೆಲ್ಲ ಆಯಿತೆಂದು ಮಗ ಅವರಿಗೆ ಹೇಳಲಿಲ್ಲ, ನಾವೂ ಹೇಳಲಿಲ್ಲ.

ಎತ್ತಿದರು ಎಂದೆ, ಎತ್ತಿದೆವು ಎನ್ನಲಿಲ್ಲ. ನಾನು ಎಂದಿನಂತೆ ನನ್ನ ಬದಿಗೆ ಹೋಗಿ ರಬ್ಬರ್ ಕಪ್ಪಿನ ಹಿಡಿಕೆ ಹಿಡಿದು ತಯಾರಾಗಿ ನಿಂತಿದ್ದೆ. ಭಾವಮೈದ ತನ್ನ ಬದಿ ಹಿಡಿಯದೆ ಗಾಡಿ ಸುತ್ತಿ ನನ್ನ ಹತ್ತಿರ ಬಂದ. ಗಿರಾಕಿಯನ್ನು ಕರೆದು, "ನೀವು ಇಲ್ಲಿ ಹಿಡೀರಿ. ನಾನು ಮೂರು ಅಂದಾಗ ಸೀದಾ ಮೇಲೆ, ಅಷ್ಟೇ" ಎಂದ. ಜೀವಮಾನದಲ್ಲಿ ಗಾಜು ಎತ್ತದ ಹೋಟೆಲಿನವನು. ಹತ್ತು ನಿಮಿಷ ಮಾತ್ರ ಉಳಿದಿತ್ತು, ವಾದ ಮಾಡಲು ಸಮಯವಿರಲಿಲ್ಲ. ನಾನು ಹಿಂದೆ ಸರಿಯಲು ನೋಡಿದೆ.

"ಬಿಡಿ ಭಾವ" ಎಂದ.

"ಬಿಟ್ಟಿದ್ದೇನಲ್ಲ" ಎಂದೆ.

ಅವನ ಕಣ್ಣು ಹೋದ ಕಡೆ ನಾನೂ ನೋಡಿದೆ. ನನ್ನ ಐದೂ ಬೆರಳು ಹಿಡಿಕೆಯನ್ನು ಸುತ್ತಿಕೊಂಡೇ ಇದ್ದವು. ಅವನು ಒಂದೊಂದಾಗಿ ಅವನ್ನು ಬಿಡಿಸಿದ. ಗಿರಾಕಿ ನನ್ನ ಜಾಗದಲ್ಲಿ ನಿಂತ.