ದೊಡ್ಡಪ್ಪನ ಅಳತೆಯ ಸೈಕಲ್ಲು

ಆ ಸೈಕಲ್ಲಿನ ಮೇಲಿನ ಅಡ್ಡ ಬಾರು ನನ್ನ ಎದೆಯ ಮಟ್ಟಕ್ಕೆ ಬರುತ್ತಿತ್ತು ಎಂದು ನನ್ನ ನೆನಪು ಹೇಳುತ್ತದೆ. ಇದು ಸುಳ್ಳೆಂದು ನನಗೆ ಗೊತ್ತು. ಅಷ್ಟು ಎತ್ತರದ ಸೈಕಲ್ಲನ್ನು ಯಾವ ದೇಶದ ಕಾರ್ಖಾನೆಯವರೂ ಮಾಡಲಾರರು. ಆದರೂ ಕಣ್ಣು ಮುಚ್ಚಿದರೆ ಬಾರು ಅಲ್ಲೇ ಬಂದು ನಿಲ್ಲುತ್ತದೆ, ಕೆಳಗಿಳಿಸಲು ನೋಡಿದರೆ ಇಳಿಯುವುದಿಲ್ಲ. ಸಿಟ್ಟಿನಲ್ಲಿ ಕಂಡ ವಸ್ತುಗಳು ವರ್ಷ ಕಳೆದಂತೆ ಬೆಳೆಯುತ್ತವೆಯೋ ಏನೋ. ದಿನಚರಿ ತೆಗೆದು ನೋಡಿದರೆ ಅದರಲ್ಲಿ ಇರುವುದು ಇಷ್ಟೇ: 'ತರೀಕೆರೆಗೆ ಹೋಗಿ ಸೈಕಲ್ಲು ತಂದೆವು. ಬಿಸಿಲು ವಿಪರೀತ.' ಹಾಗಾಗಿ ಇಲ್ಲಿ ಬರುವ ಎತ್ತರಗಳನ್ನು ಓದುವವರು ಸ್ವಲ್ಪ ಇಳಿಸಿಕೊಂಡೇ ಓದಬೇಕು. ಸಿಟ್ಟನ್ನು ಮಾತ್ರ ಇಳಿಸಬೇಕಾಗಿಲ್ಲ.

ಮೈಸೂರಿನಲ್ಲಿ ಬಿ.ಎ. ಮುಗಿಸಿ ಊರಿಗೆ ಬಂದ ವರ್ಷ ನನಗೆ ಹಳ್ಳಿ ಶಾಲೆಗಳ ತನಿಖೆಯ ಕೆಲಸ ಸಿಕ್ಕಿತ್ತು. ಇನ್ನೂ ಖಾಯಂ ಆಗಿರಲಿಲ್ಲ. ಅಜ್ಜಂಪುರದ ನಮ್ಮ ಮನೆಯಲ್ಲೇ ಇದ್ದುಕೊಂಡು, ಸುತ್ತಲಿನ ಹಳ್ಳಿಗಳಲ್ಲಿ ಪಾಠ ಶುರುವಾಗುವ ಹೊತ್ತಿಗೆ ಹೇಳದೆ ಕೇಳದೆ ಶಾಲೆಯ ಬಾಗಿಲಲ್ಲಿ ಹೋಗಿ ನಿಲ್ಲಬೇಕು. ಕಡೂರಿನಲ್ಲಿದ್ದ ನಮ್ಮ ಮೇಲಧಿಕಾರಿ ಮೊದಲ ದಿನವೇ ಹೇಳಿದ್ದರು: "ನಡ್ಕೊಂಡು ಹೋದ್ರೆ ಸಾಯಂಕಾಲ ಆಗುತ್ತೆ. ಗಾಡಿ ಕಟ್ಟಿಸಿಕೊಂಡು ಹೋದ್ರೆ ನಿಮಗಿಂತ ಮುಂಚೆ ಸುದ್ದಿ ಹೋಗಿರುತ್ತೆ. ಒಂದು ಸೈಕಲ್ ಇಟ್ಕೊಳ್ಳಿ. ಆಗಲ್ಲ ಅಂದ್ರೆ ಇಲ್ಲೇ ಆಫೀಸಿನಲ್ಲಿ ನಕಲು ಗುಮಾಸ್ತೆ ಜಾಗ ಒಂದು ಖಾಲಿ ಇದೆ."

ಆ ಜಾಗವನ್ನು ನಾನು ನೋಡಿದ್ದೆ. ಗೋಡೆಗೆ ಮುಖ ಮಾಡಿದ ಮೇಜು, ಅದರ ಮೇಲೆ ಒಂದು ಮಸಿಕುಡಿಕೆ. ಬೆಳಗಿನ ಹೊತ್ತು ರಾಗಿ ಹೊಲಗಳ ನಡುವಿನ ದಾರಿಯಲ್ಲಿ ಹೋಗಿ, ಹುಡುಗರ ಬಾಯಿಂದ ಮಗ್ಗಿ ಕೇಳುವ ಕೆಲಸ ನನಗೆ ಎಷ್ಟು ಹಿಡಿಸಿತ್ತೆಂದರೆ, ಆ ಮೇಜು ಆಗಾಗ ಕನಸಿನಲ್ಲಿ ಬಂದು ಹೆದರಿಸುತ್ತಿತ್ತು.

ಸೈಕಲ್ಲು ಹೊಡೆಯಲು ನನಗೆ ಬರುತ್ತಿತ್ತು. ಮೈಸೂರಿನ ಹಾಸ್ಟೆಲಿನಲ್ಲಿ ಗೆಳೆಯನೊಬ್ಬನ ಸೈಕಲ್ಲಿನಲ್ಲಿ ಕಲಿತಿದ್ದೆ. ಅದು ನನ್ನ ಮೈಗೆ ಹೊಲಿಸಿದ ಹಾಗಿತ್ತು. ಬಾರಿನ ಎರಡೂ ಕಡೆ ಕಾಲಿಟ್ಟು ನಿಂತರೆ ಅಂಗಾಲು ಪೂರ್ತಿ ನೆಲಕ್ಕೆ ಊರುತ್ತಿತ್ತು. ಸೀಟಿನ ಮೇಲೆ ಕೂತು ಕೆಳಗಿನ ಪೆಡಲನ್ನು ಒತ್ತಿದಾಗ ಮೊಣಕಾಲು ಒಂದಿಷ್ಟು ಬಾಗಿಯೇ ಇರುತ್ತಿತ್ತು. ನಾನು ಕುಳ್ಳನಲ್ಲ. ಕೂತರೆ ಯಾರಿಗೂ ಕಡಿಮೆಯಿಲ್ಲ. ಎದ್ದು ನಿಂತಾಗಲೇ ತೊಂದರೆ: ನನ್ನದು ಉದ್ದ ಮೈ, ಗಿಡ್ಡ ಕಾಲು. ಸೈಕಲ್ಲಿಗೆ ಬೇಕಾದ್ದು ಕಾಲಿನ ಲೆಕ್ಕ. ಇದನ್ನು ನಾನು ಮನೆಯಲ್ಲಿ ಬಿಡಿಸಿ ಹೇಳಿದೆ. ಹೇಳಿದೆ ಎಂದೇ ನನ್ನ ನಂಬಿಕೆ. ದೊಡ್ಡಪ್ಪನ ಎದುರು ನನ್ನ ಬಾಯಿಂದ ಎಷ್ಟು ಮಾತು ನಿಜವಾಗಿ ಹೊರಗೆ ಬಂತು, ಎಷ್ಟು ಗಂಟಲಲ್ಲೇ ಉಳಿಯಿತು ಎಂಬುದನ್ನು ಈಗ ಆಣೆಯಿಟ್ಟು ಹೇಳಲಾರೆ.

ಅಪ್ಪ ನಾನು ಚಿಕ್ಕವನಿದ್ದಾಗಲೇ ತೀರಿಕೊಂಡಿದ್ದರು. ಅಪ್ಪನ ಅಣ್ಣ, ನಮ್ಮ ದೊಡ್ಡಪ್ಪ, ಮನೆಯ ಯಜಮಾನರು. ರುಮಾಲು ಸುತ್ತಿ ಜಗಲಿಯ ಮೇಲೆ ಕೂತರೆ ಬೀದಿಯಲ್ಲಿ ಹೋಗುವವರು ತಲೆ ಬಗ್ಗಿಸಿಯೇ ಹೋಗಬೇಕು, ಅಂಥ ಆಳು. ನಮ್ಮ ಮನೆಗೆ ಯಾವ ವಸ್ತುವೂ ಒಬ್ಬರಿಗೆಂದು ಬರುತ್ತಿರಲಿಲ್ಲ, ಮನೆಗೆಂದು ಬರುತ್ತಿತ್ತು. ಮನೆಗೆಂದರೆ ದೊಡ್ಡಪ್ಪನ ಅಳತೆಗೆ. ನಾನು ಮೈಸೂರಿಗೆ ಹೊರಟಾಗ ಹೊಲಿಸಿದ ಕೋಟನ್ನು ಕೂಡ ಅವರ ಮೈಮೇಲೆ ಅಳೆದು, ತೋಳನ್ನು ಒಳಕ್ಕೆ ಮಡಿಸಿ ಕೊಟ್ಟಿದ್ದರು. ಹಿರಿಯರಿರುವಾಗ ಕಿರಿಯರ ಅಳತೆಗೆ ತರುವುದೆಂದರೆ ಹಿರಿಯರನ್ನು ಲೆಕ್ಕದಿಂದ ಬಿಟ್ಟಂತೆ. ಇದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು.

ಸೈಕಲ್ಲು ತರಲು ದೊಡ್ಡಪ್ಪನೂ ನಾನೂ ರೈಲು ಹತ್ತಿ ಬೀರೂರಿನಲ್ಲಿ ಬದಲಾಯಿಸಿ ತರೀಕೆರೆಗೆ ಹೋದೆವು. ಅಲ್ಲಿನ ಸಾಬರ ಅಂಗಡಿಯಲ್ಲಿ ಎರಡು ಸೈಕಲ್ಲುಗಳಿದ್ದವು. ಒಂದು ದೊಡ್ಡದು, ಒಂದು ಚಿಕ್ಕದು. ನಾನು ಚಿಕ್ಕದರ ಬಾರಿನ ಎರಡೂ ಕಡೆ ಕಾಲಿಟ್ಟು ನಿಂತೆ. ಅಂಗಾಲು ನೆಲಕ್ಕೆ ಊರಿತು. ಹ್ಯಾಂಡಲ್ಲು ಸಲೀಸಾಗಿ ಕೈಗೆ ಬಂತು.

"ಇದೇ ಸರಿ ದೊಡ್ಡಪ್ಪ," ಎಂದೆ. "ನೋಡಿ, ಎರಡು ಕಾಲೂ ನೆಲಕ್ಕೆ ತಾಗ್ತವೆ."

ದೊಡ್ಡಪ್ಪ ನನ್ನ ಕಾಲನ್ನೂ ನೆಲವನ್ನೂ ನೋಡಿದರು. "ಲೇ, ಹತ್ತಿ ಕೂತೋನ ಕಾಲು ನೆಲಕ್ಕೆ ತಾಗಿದ್ರೆ ಅದನ್ನ ಕುದುರೆ ಅಂತಾರೇನೋ? ಕತ್ತೆ ಅಂತಾರೆ."

ಸಾಬರು ಗಟ್ಟಿಯಾಗಿ ನಕ್ಕರು. ದೊಡ್ಡ ಸೈಕಲ್ಲು ಬಹಳ ದಿನದಿಂದ ಹಾಗೇ ನಿಂತಿತ್ತೆಂದು ಅದರ ಮೇಲಿನ ಧೂಳೇ ಹೇಳುತ್ತಿತ್ತು. "ಯಜಮಾನ್ರಿಗೆ ಗೊತ್ತೈತೆ ನೋಡಿ ಮಾಲು ಅಂದ್ರೆ ಏನು ಅಂತ," ಎಂದು ಅದನ್ನು ಒರೆಸಿ ಮುಂದಕ್ಕೆ ತಂದರು.

ದೊಡ್ಡಪ್ಪ ಅದನ್ನು ನೋಡಿದ್ದು ಎತ್ತು ನೋಡುವ ಹಾಗೆ. ನಮ್ಮ ಕಡೆಯವರಿಗೆ ಬೇರೆ ಥರ ನೋಡುವುದು ಗೊತ್ತಿಲ್ಲ. ಸುತ್ತ ಒಂದು ಬಳಸು ಬಂದರು. ಸೀಟಿನ ಮೇಲೆ ಅಂಗೈಯಿಂದ ಚಪ್ಪರಿಸಿದರು. ಬಗ್ಗಿ ಸರಪಳಿಯ ಚಕ್ರದ ಹಲ್ಲುಗಳನ್ನು ಒಂದೊಂದಾಗಿ ಮುಟ್ಟಿದರು. ಮುಂದಿನ ಗಾಲಿಯನ್ನು ಎತ್ತಿ ತಿರುಗಿಸಿ, ನಿಲ್ಲುವವರೆಗೂ ಕಾದರು. ಆಮೇಲೆ ಸಾಬರು ಸೈಕಲ್ಲನ್ನು ಅವರ ಪಕ್ಕಕ್ಕೆ ಒರಗಿಸಿ ಹಿಡಿದು, ರುಮಾಲಿನಿಂದ ಚಕ್ರದವರೆಗೆ ಒಮ್ಮೆ ನೋಡಿ, "ಜೋಡಿ ಅಂದ್ರೆ ಇದು!" ಎಂದರು.

"ನಾನು ತಾನೇ ದೊಡ್ಡಪ್ಪ, ಹೊಡೆಯೋದು?" ಎಂದೆ.

"ಹೊಡ್ಕೋ, ಯಾರು ಬ್ಯಾಡ ಅಂದ್ರು? ಮನೇಗೆ ಅಂತ ತಗಳೋವಾಗ ಕರು ತಗಂಡು ಹೋಗೋಕಾಯ್ತದೇನೋ? ನಾಳೆ ನಾನು ಹತ್ತಬೇಕು ಅಂದ್ರೆ?"

ಅವರು ಎಂದೂ ಸೈಕಲ್ಲು ಹತ್ತುವವರಲ್ಲ. ಅದು ನನಗೆ ಗೊತ್ತು, ಅವರಿಗೆ ಗೊತ್ತು, ಸಾಬರಿಗೂ ಗೊತ್ತಾಗಿತ್ತು. ದೊಡ್ಡದೇ ರೈಲು ಹತ್ತಿತು.

ಅದರ ಜೊತೆ ನಾನು ಪಟ್ಟ ಪಾಡನ್ನು ನೆನೆದರೆ ಈಗಲೂ ತೊಡೆ ಉರಿಯುತ್ತದೆ. ಸೀಟನ್ನು ತಳದವರೆಗೆ ಇಳಿಸಿಯಾಯಿತು. ಪೆಡಲು ಕೆಳಗೆ ಹೋದಾಗ ಕಾಲು ಎಟುಕುತ್ತಿರಲಿಲ್ಲ. ಸೀಟನ್ನೇ ಕಿತ್ತು ಬಾರಿಗೆ ಕಂಬಳಿ ಸುತ್ತಿ ಕೂತು ನೋಡಿದೆ. ಪೆಡಲಿಗೆ ಮರದ ತುಂಡು ಕಟ್ಟಿಸಿದೆ. ಅವು ತಿರುಗಿಕೊಂಡು ಕಣಕಾಲಿಗೆ ಬಡಿಯುತ್ತಿದ್ದವು. ಕೊನೆಗೆ ಸೀಟನ್ನು ಮತ್ತೆ ಹಾಕಿ, ಅದರ ಎಡಕ್ಕೂ ಬಲಕ್ಕೂ ಜಾರುತ್ತ, ಕಣಜದಲ್ಲಿ ಕೈಯಾಡಿಸುವವರ ಹಾಗೆ ಕಾಲಿನಿಂದ ಪೆಡಲು ಹುಡುಕುತ್ತ ಹೊಡೆಯುವುದನ್ನು ರೂಢಿ ಮಾಡಿಕೊಂಡೆ.

ಹತ್ತುವುದು ಇಳಿಯುವುದು ಇನ್ನೊಂದು ಕಥೆ. ಹತ್ತಬೇಕಾದರೆ ಮೈಲಿಗಲ್ಲೋ ಬಾವಿಕಟ್ಟೆಯೋ ಬೇಕು. ಇಳಿಯಬೇಕಾದರೂ ಅಷ್ಟೇ. ಯಾವ ಶಾಲೆಯ ಮುಂದೆ ಕಟ್ಟೆಯಿದೆ, ಯಾವುದರ ಮುಂದೆ ಇಲ್ಲ ಎಂಬುದು ಮಾಸ್ತರರ ಮುಖಕ್ಕಿಂತ ಚೆನ್ನಾಗಿ ನನಗೆ ಗೊತ್ತಿತ್ತು. ಒಂದು ಊರಿನಲ್ಲಿ ಕಟ್ಟೆ ಸಿಗದೆ ಶಾಲೆಯನ್ನು ದಾಟಿ ಹೋಗಿ, ಊರಾಚೆಯ ಹುತ್ತದ ಪಕ್ಕ ಇಳಿದು, ಸೈಕಲ್ಲು ತಳ್ಳಿಕೊಂಡು ವಾಪಸು ಬಂದೆ. ಅಷ್ಟರಲ್ಲಿ ಮಾಸ್ತರರು ಹುಡುಗರನ್ನು ಸಾಲಾಗಿ ನಿಲ್ಲಿಸಿ ಸ್ವಾಗತಕ್ಕೆ ಸಿದ್ಧರಾಗಿದ್ದರು. ಅಲ್ಲಿದ್ದ ಮುದುಕನೊಬ್ಬ, "ಸ್ವಾಮೇರ್ನ ಸೈಕಲ್ಲು ಹೊಡೀತದೋ, ಸೈಕಲ್ಲನ್ನ ಸ್ವಾಮೇರು ಹೊಡೀತಾರೋ?" ಎಂದು ಕೇಳಿದ. ಹುಡುಗರು ನಕ್ಕರು. ನಾನು ಮಗ್ಗಿ ಕೇಳಿದೆ. ಬೇರೆ ಏನು ಮಾಡಲಿಕ್ಕಿತ್ತು?

ತಡವಾಗುತ್ತಿರುವುದು ಕಡೂರಿಗೆ ಗೊತ್ತಾಗದೆ ಇರುತ್ತದೆಯೇ? ಮೇಲಧಿಕಾರಿ ಕರೆಸಿದರು. "ಮುಂದಿನ ಸೋಮವಾರ ಯಗಟಿ ಶಾಲೆಗೆ ನಾನೂ ಬರ್ತೀನಿ. ಇಲ್ಲಿಂದ ಇಬ್ಬರೂ ಒಟ್ಟಿಗೆ ಸೈಕಲ್ಲಿನಲ್ಲಿ ಹೋಗೋಣ. ನನ್ನ ಜೊತೆಗೆ ಬಂದು ಮುಟ್ಟಿದ್ರೆ ಖಾಯಂಗೆ ಬರೀತೀನಿ. ಇಲ್ಲ ಅಂದ್ರೆ ಆ ಮೇಜಿದೆ," ಎಂದು ಗೋಡೆಯ ಕಡೆ ತೋರಿಸಿದರು.

ಮನೆಗೆ ಬಂದು ಜಗಲಿಯ ಕೆಳಗೆ ಸೈಕಲ್ಲು ಒರಗಿಸಿ, ದೊಡ್ಡಪ್ಪನಿಗೆ ಎಲ್ಲವನ್ನೂ ಹೇಳಿದೆ. ತರೀಕೆರೆಗೆ ಹೋಗಿ ಬದಲಾಯಿಸಿಕೊಂಡು ಬರೋಣ ಎಂದೆ.

"ಚಿಕ್ಕದಕ್ಕಾ? ಅಜ್ಜಂಪುರದ ಬೀದೀಲಿ ನಮ್ಮನೆ ಹೆಸರಿನ ಮೇಲೆ ಅದು ಓಡಾಡಬೇಕಾ? ಸರಿಯಾಗಿ ಕೂರೋಕೆ ಬರಲ್ಲ ನಿಂಗೆ. ಬೆನ್ನು ನೆಟ್ಟಗೆ ಮಾಡಿ ಕೂರು, ಕಾಲು ತಾನಾಗಿ ಉದ್ದ ಆಯ್ತವೆ."

ಬೆನ್ನು ನೆಟ್ಟಗೆ ಮಾಡಿದರೆ ಕಾಲು ಹೇಗೆ ಉದ್ದವಾಗುತ್ತದೆ ಎಂದು ಕೇಳುವಷ್ಟು ಸಿಟ್ಟು ಬಂದಿತ್ತು. ಅಷ್ಟರಲ್ಲಿ ಒಳಗಿನಿಂದ ಅವ್ವನ ದನಿ ಬಂತು. ಅವ್ವ ಭಾವನ ಎದುರು ನಿಂತು ಮಾತಾಡುವವಳಲ್ಲ. ಏನಾದರೂ ಹೇಳಬೇಕಿದ್ದರೆ ಬಾಗಿಲ ಮರೆಯಲ್ಲಿ ನಿಂತು ನಡುಮನೆಯ ಕಂಬಕ್ಕೆ ಹೇಳುತ್ತಿದ್ದಳು.

"ಕೇಳ್ತಾ ಇದೀಯಾ ಕಂಬವೇ? ಯಾರ ಅಳತೆಗೆ ತಂದಿದ್ದೋ ಅವರೇ ಒಂದ್ಸಲ ಕೂತು ತೋರಿಸ್ಬಿಟ್ರೆ ನನ್ನ ಮಗನೂ ನೋಡಿ ಕಲ್ತ್ಕೋತಾನಪ್ಪಾ. ಗಿಡ್ಡ ಕಾಲಿನೋನು, ಪಾಪ."

ಈ ಮಾತು ಆಡಿದ್ದು ನಾನೇ ಎಂದು ಬಹುಕಾಲ ಅಂದುಕೊಂಡಿದ್ದೆ. ಎಷ್ಟೋ ಜನಕ್ಕೆ ಹಾಗೇ ಹೇಳಿದ್ದೂ ಉಂಟು. ಅವ್ವ ಒಮ್ಮೆ ಕೇಳಿಸಿಕೊಂಡು, "ನೀನಾ? ನೀನು ಬಾಯಿ ಬಿಟ್ಟಿದ್ದನ್ನ ಆ ಕಂಬ ಕೂಡ ಕೇಳಿಲ್ಲ ಕಣೋ," ಎಂದಳು. ಅವಳ ಮಾತನ್ನೇ ನಂಬಬೇಕು.

ದೊಡ್ಡಪ್ಪ ಎದ್ದರು. ಕಂಬಕ್ಕೆ ಹೇಳಿದ ಮಾತಿಗೆ ಎದುರುತ್ತರ ಕೊಡುವಂತಿಲ್ಲ, ಸುಮ್ಮನೆ ಕೂರುವಂತೆಯೂ ಇಲ್ಲ. ಕಚ್ಚೆ ಬಿಗಿ ಮಾಡಿಕೊಂಡರು. ನಾನು ಹ್ಯಾಂಡಲ್ಲು ಹಿಡಿದೆ, ನಮ್ಮ ಗಾಡಿ ಹೊಡೆಯುವವನು ಹಿಂದೆ ಹಿಡಿದ. ಜಗಲಿಯ ಅಂಚಿನಿಂದಲೇ ಕಾಲು ಚಾಚಿ ಸೀಟಿನ ಮೇಲೆ ಕೂತರು. ಏನು ಗತ್ತು! ಎದುರು ಮನೆಯವರು ಎದ್ದು ನಿಂತರು.

"ಎಲ್ಲೈತೋ ಪೆಡಲು?"

"ಕೆಳಗಿದೆ ದೊಡ್ಡಪ್ಪ."

"ಕೆಳಗೆ ಎಲ್ಲಿ?"

ನಾನು ಬಗ್ಗಿ ನೋಡಿದೆ. ಪೆಡಲಿಗೂ ಅವರ ಹೆಬ್ಬೆರಳಿಗೂ ನಡುವೆ, ನನ್ನ ಕಾಲಿಗೆ ಉಳಿಯುತ್ತಿದ್ದಷ್ಟೇ ಜಾಗ ಖಾಲಿ ಉಳಿದಿತ್ತು. ಕಾಲು ಗಾಳಿಯಲ್ಲಿ ತಡಕಾಡುತ್ತಿತ್ತು. ಇಷ್ಟು ವರ್ಷ ನಾನು ಅವರನ್ನು ಜಗಲಿಯ ಮೇಲೆ ಕೂತಿರುವಂತೆ, ಇಲ್ಲವೇ ರುಮಾಲು ಸುತ್ತಿ ನಿಂತಿರುವಂತೆ ನೋಡಿದ್ದೆನೇ ಹೊರತು ಅವರ ಕಾಲನ್ನು ನೋಡಿರಲಿಲ್ಲ. ಹಿರಿಯರ ಕಾಲಿಗೆ ಬೀಳುತ್ತೇವೆ, ಅದರ ಉದ್ದ ಯಾರು ನೋಡುತ್ತಾರೆ? ಅವರದ್ದೂ ಉದ್ದ ಮೈ, ಗಿಡ್ಡ ಕಾಲು. ನನ್ನ ಕಾಲು ನನಗೆ ಬಂದದ್ದು ಆ ಮನೆಯಿಂದಲೇ. ತರೀಕೆರೆಯಲ್ಲಿ ಸಾಬರು ಅಳೆದದ್ದು ರುಮಾಲನ್ನು.

ದೊಡ್ಡಪ್ಪ ತಾವೂ ಬಗ್ಗಿ ಪೆಡಲನ್ನು ನೋಡಿದರು. ಆಮೇಲೆ, "ಇದು ಬೆಳೆದ್ಬಿಟ್ಟೈತೆ ಕಣೋ," ಎಂದರು.

"ಸೈಕಲ್ಲು ಬೆಳೆಯೋದಿಲ್ಲ ದೊಡ್ಡಪ್ಪ."

"ಮತ್ತೆ ನಾನು ಕುಗ್ಗಿದೀನಾ?"

ನಾನು ಓದಿದ ಬಿ.ಎ.ಯನ್ನು ಬದಿಗಿಟ್ಟೆ. ಸೈಕಲ್ಲು ಬೆಳೆದಿರಬಹುದು ಎಂದೆ. ಒಳಗೆ ಕಂಬಕ್ಕೆ ಕೆಮ್ಮು ಬಂತು. ಇಳಿಸುವುದು ಸುಲಭವಾಗಲಿಲ್ಲ. ಜಗಲಿಯ ಕಡೆಗೆ ಸೈಕಲ್ಲನ್ನು ವಾಲಿಸಿ, ಗಾಡಿಯವನು ಸೊಂಟಕ್ಕೆ ಕೈಕೊಟ್ಟು, ಮೂಟೆ ಇಳಿಸುವ ಹಾಗೆ ಇಳಿಸಬೇಕಾಯಿತು.

ಮರುದಿನವೇ ತರೀಕೆರೆಗೆ ಹೊರಟೆವು. ಚಿಕ್ಕ ಸೈಕಲ್ಲು ಇನ್ನೂ ಅಲ್ಲೇ ಇತ್ತು. ದೊಡ್ಡದು ಮರಳಿ ಬಂದದ್ದನ್ನು ಕಂಡು ಸಾಬರ ಮುಖ, ತವರಿಗೆ ಹೊರಟ ಹೆಂಡತಿಗೆ ರೈಲು ತಪ್ಪಿದಾಗಿನ ಗಂಡನ ಮುಖದಂತಾಯಿತು. ಮೇಲೊಂದು ಮೂಟೆ ತೆಂಗಿನಕಾಯಿ ಕೊಟ್ಟರೆ ಬದಲಾಯಿಸಿ ಕೊಡಲು ಒಪ್ಪಿದರು. ನಾನು ಸೈಕಲ್ಲು ಹತ್ತಿ ನೋಡಲು ಹೋದೆ. ದೊಡ್ಡಪ್ಪ ತಡೆದು, "ತಡಿಯೋ, ನೀನು ನೋಡಿದ್ರೆ ಏನು ಗೊತ್ತಾಯ್ತದೆ?" ಎಂದು ತಾವೇ ಬಾರಿನ ಎರಡೂ ಕಡೆ ಕಾಲಿಟ್ಟು ನಿಂತರು. ಅಂಗಾಲು ನೆಲಕ್ಕೆ ಊರಿತು.

"ಹಾಂ. ಇದು ಅಳತೆ," ಎಂದರು ಸಾಬರಿಗೆ. "ಎರಡು ಕಾಲೂ ನೆಲಕ್ಕೆ ತಾಗಬೇಕು ಕಣ್ರೀ. ಅಷ್ಟೂ ಗೊತ್ತಿಲ್ದೆ ಅಂಗಡಿ ಇಟ್ಟಿದೀರಲ್ಲ."

ನಾನು ಬೀದಿಯ ಕಡೆ ತಿರುಗಿ ನಿಂತೆ.

ಸೋಮವಾರ ಸೈಕಲ್ಲನ್ನು ರೈಲಿಗೆ ಹಾಕಿಕೊಂಡು ಕಡೂರಿಗೆ ಹೋಗಿ, ಅಲ್ಲಿಂದ ಮೇಲಧಿಕಾರಿಯ ಜೊತೆ ಯಗಟಿಗೆ ಹೊರಟೆ. ಎದುರು ಗಾಳಿಯಿತ್ತು. ನೆನಪಿರುವುದು ಒಂದೇ: ದಾರಿಯಲ್ಲಿ ಕುರಿಮಂದೆ ಅಡ್ಡ ಬಂದಾಗ, ಮೈಲಿಗಲ್ಲು ಹುಡುಕದೆ, ಇದ್ದ ಕಡೆಯೇ ನಿಲ್ಲಿಸಿ ಕಾಲೂರಿದೆ. ಮೇಲಧಿಕಾರಿ ಇನ್ನೂ ಹಿಂದಿದ್ದರು. ನಾನು ಶಾಲೆಯ ಬಾಗಿಲು ಮುಟ್ಟಿದಾಗ ಒಳಗೆ ಇನ್ನೂ ಪ್ರಾರ್ಥನೆ ನಡೆಯುತ್ತಿತ್ತು. ಅವರು ಬರೆದದ್ದು ಖಾಯಂಗೆ.

ಆ ಸೈಕಲ್ಲನ್ನು ಬಹಳ ವರ್ಷ ಹೊಡೆದೆ. ಮನೆಯಲ್ಲಿ ಅದಕ್ಕೆ ಕಡೆಯವರೆಗೂ ದೊಡ್ಡಪ್ಪನ ಸೈಕಲ್ಲೆಂದೇ ಹೆಸರು. ಯಾರೇ ಬರಲಿ, ನಾನು ಅಂಗಳದಲ್ಲಿ ಅದನ್ನು ಒರೆಸುತ್ತಿದ್ದರೆ ದೊಡ್ಡಪ್ಪ ಜಗಲಿಯಿಂದ ಹೇಳುತ್ತಿದ್ದರು: "ನನ್ನ ಅಳತೆಗೆ ಅಂತ ತಂದಿದ್ದು. ಏನೋ ಪುಣ್ಯಕ್ಕೆ ಇವನಿಗೂ ಸರಿಹೋಯ್ತು." ಬಂದವರು ತಲೆಯಾಡಿಸುತ್ತಿದ್ದರು. ಪ್ರತಿಸಲವೂ ನಾನು ಅವರ ಕಾಲಿನ ಕಡೆ ನೋಡುತ್ತಿದ್ದೆ. ಜಗಲಿಯ ಅಂಚಿನಿಂದ ಇಳಿಬಿಟ್ಟ ಆ ಕಾಲುಗಳು ನೆಲ ಮುಟ್ಟದೆ ನಿಧಾನವಾಗಿ ತೂಗುತ್ತಿದ್ದವು.