ಒಂದೇ ನಮೂನೆಯ ಎರಡು ಸೀರೆ

ಸತ್ತವರು ಕಾಣಿಸಿಕೊಳ್ಳುತ್ತಾರೆ ಎಂದು ಯಾರಾದರೂ ಹೇಳಿದರೆ ಅವರ ಮುಖದ ಮುಂದೆಯೇ ನಗುತ್ತಿದ್ದವಳು ನಾನು. ನಮ್ಮ ಓಣಿಯಲ್ಲಿ ಒಬ್ಬಳಿಗೆ ಆಗಾಗ ಮೈಮೇಲೆ ಬರುತ್ತಿತ್ತು. "ಮನಿಯಾಗ ಕೆಲಸ ಹೆಚ್ಚಾದ ದಿನಾನ ಬರ್ತದ ನೋಡು ಈಕಿ ದೆವ್ವ" ಎಂದು ಎಲ್ಲರಿಗೂ ಕೇಳುವ ಹಾಗೆ ಅಂದು ಅವಳಿಂದ ಬೈಸಿಕೊಂಡಿದ್ದೇನೆ. ಸತ್ತವರು ಒಮ್ಮೆ ಈ ಸಂಸಾರದಿಂದ ಬಿಡಿಸಿಕೊಂಡು ಹೋದ ಮೇಲೆ ಮತ್ತೆ ಇತ್ತ ಯಾಕೆ ತಿರುಗಿ ನೋಡುತ್ತಾರೆ ಎಂದು ನಾನು ತಿಳಿದಿದ್ದೆ. ಈಗಲೂ ಪೂರ್ತಿ ನಂಬುತ್ತೇನೆ ಎಂದು ಹೇಳಲಾರೆ. ಆದರೆ ಮಾನ್ವಿಯಲ್ಲಿ ನಡೆದದ್ದು ನಡೆದದ್ದೇ. ನಾನು ಓದಿದ್ದು ಮೂರನೆಯ ತರಗತಿ. ಬರೆಯುವುದು ನನಗೆ ರೊಟ್ಟಿ ಬಡಿದಷ್ಟು ಸಲೀಸಲ್ಲ. ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಿ.

ಮೊದಲು ಒಂದು ಮಾತನ್ನು ಮುಚ್ಚಿಡದೆ ಹೇಳಿಬಿಡುತ್ತೇನೆ. ನನಗೆ ಹೊಟ್ಟೆಕಿಚ್ಚಿತ್ತು. ಅದೂ ಸತ್ತವಳ ಮೇಲೆ.

ನಾನು ಎರಡನೆಯ ಹೆಂಡತಿ. ನಮ್ಮ ಮನೆಯವರು ದೇವದುರ್ಗದಲ್ಲಿ ಹಿಟ್ಟಿನ ಗಿರಣಿಯಲ್ಲಿ ಕೆಲಸಕ್ಕಿದ್ದರು. ಅವರಿಗೆ ಮೊದಲು ಮಾನ್ವಿಯ ಶಂಕ್ರಮ್ಮ ಎಂಬುವಳ ಜೊತೆ ಮದುವೆಯಾಗಿತ್ತು. ಐದು ವರ್ಷ ಬಾಳಿ, ಮಕ್ಕಳಾಗುವ ಮೊದಲೇ ಕಾಮಾಲೆಯಾಗಿ ತೀರಿಕೊಂಡಳು. ವರ್ಷ ತುಂಬಿದ ಮೇಲೆ ಕವಿತಾಳದ ಹತ್ತಿರದ ನಮ್ಮ ಊರಿನಿಂದ ನನ್ನನ್ನು ತಂದರು. ಎರಡನೆಯವಳಾಗಿ ಹೋಗುವುದಕ್ಕೆ ನಮ್ಮಲ್ಲಿ ಕೆಲವು ಕಟ್ಟಳೆಗಳಿವೆ. ಸತ್ತ ಸವತಿಯ ಹೆಸರಿನ ಒಂದು ಬೆಳ್ಳಿಯ ಬಿಲ್ಲೆಯನ್ನು ತಾಳಿಯ ಜೊತೆಯಲ್ಲೇ ಕೊರಳಿಗೆ ಹಾಕಿಕೊಳ್ಳಬೇಕು. ಹೊಸ ಸೀರೆ ಬಂದರೆ ಅದನ್ನು ದೇವರ ಜಗುಲಿಯ ಮುಂದೆ ಅವಳ ಹೆಸರಿನಲ್ಲಿ ಇಟ್ಟು, ಕುಂಕುಮ ಹಚ್ಚಿ, "ನೀ ಉಟ್ಟು ನನಗ ಕೊಡವ್ವಾ" ಎಂದು ಕೇಳಿಕೊಂಡು ಆಮೇಲೆ ಉಡಬೇಕು. ಅಷ್ಟೇ ಅಲ್ಲ, ಸತ್ತವಳ ತವರೇ ನಮಗೂ ತವರಾಗುತ್ತದೆ. ಅವಳ ತಾಯಿಯನ್ನು ಅವ್ವಾ ಎಂದೇ ಕರೆಯಬೇಕು.

ಬದುಕಿರುವ ಸವತಿಯಾದರೆ ನಲ್ಲಿಯ ಹತ್ತಿರ ಕೊಡ ಎತ್ತಿಕೊಂಡು ಜಗಳವಾಡಬಹುದು. ಅವಳೂ ಮುದುಕಿಯಾಗುತ್ತಾಳೆ, ಅವಳ ಸಾರಿಗೂ ಒಂದು ದಿನ ಉಪ್ಪು ಹೆಚ್ಚಾಗುತ್ತದೆ. ಸತ್ತವಳು ಹಾಗಲ್ಲ. ದಿನದಿನಕ್ಕೆ ಇನ್ನಷ್ಟು ಒಳ್ಳೆಯವಳಾಗುತ್ತ ಹೋಗುತ್ತಾಳೆ. ನೆರೆಯ ಹೆಂಗಸರು ನನ್ನ ಮುಂದೆಯೇ, "ಶಂಕ್ರಮ್ಮ ಇದ್ದಾಗ ನಿನ್ನ ಗಂಡನ ನಗಿ ಬೀದಿಗೆ ಕೇಳ್ತಿತ್ತು ನೋಡಬೇ" ಎನ್ನುತ್ತಿದ್ದರು. ನಾನು ಮಾತ್ರ ಆ ನಗುವನ್ನು ಕೇಳಿರಲಿಲ್ಲ. ನಮ್ಮ ಮನೆಯವರು ನನ್ನನ್ನು ಬಯ್ಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ, ಕುಡಿದು ಬರುತ್ತಿರಲಿಲ್ಲ. ಮಾಡಿ ಹಾಕಿದ್ದನ್ನು ಉಂಡು ಮಲಗುತ್ತಿದ್ದರು. ಆದರೆ ಮೂರು ವರ್ಷದಲ್ಲಿ ನಾನು ಅವರ ಹಲ್ಲು ಕಂಡಿದ್ದು ಬೆಳಿಗ್ಗೆ ಬೇವಿನಕಡ್ಡಿ ಹಿಡಿದಾಗ ಮಾತ್ರ. ಅವಳಿಗೆ ಕೊಟ್ಟ ನಗು ನನಗೆ ಯಾಕಿಲ್ಲ? ರೊಟ್ಟಿ ಬಡಿಯುವಾಗ, ಕಸ ಹೊಡೆಯುವಾಗ ನನಗೆ ಅದೇ ಯೋಚನೆ.

ಇಸವಿ ಎಪ್ಪತ್ತೆಂಟೋ ಎಪ್ಪತ್ತೊಂಬತ್ತೋ ಇರಬೇಕು. ಶಂಕ್ರಮ್ಮನ ತಮ್ಮನಿಗೆ ಗಂಡು ಹುಟ್ಟಿತು ಎಂದು ತೊಟ್ಟಿಲಿಗೆ ಮಾನ್ವಿಗೆ ಹೋದೆವು. ಅವಳ ತಾಯಿ, ಆ ಮುದುಕಿ, ನನಗೆ ಒಂದು ಸೀರೆ ಕೊಟ್ಟಳು. ಗಿಳಿಹಸಿರು ಮೈ, ಕೆಂಪು ಅಂಚು. ಅಷ್ಟು ಚೆಂದದ ಸೀರೆ ನನ್ನ ಹೆತ್ತವ್ವನೂ ಕೊಟ್ಟಿರಲಿಲ್ಲ.

ಅದೇ ಹೊತ್ತಿಗೆ ಮಾನ್ವಿಯ ಬಯಲಿನಲ್ಲಿ ಗದಗಿನ ಕಡೆಯ ಒಂದು ಮೇಳ ಟೆಂಟು ಹಾಕಿತ್ತು. ಹಾಡು, ಕುಣಿತ, ನಡುನಡುವೆ ಬಂದು ನಗಿಸಲು ಒಬ್ಬ ಹಾಸ್ಯದವನು. ಸಂಜೆ ನಮ್ಮ ಮನೆಯವರು ತಾವಾಗಿಯೇ, "ಹೋಗಿ ಬರೂಣು ನಡಿ" ಎಂದರು. ನನಗೆ ನೆಲ ಬಿಟ್ಟು ಒಂದು ಗೇಣು ಮೇಲೆ ಹೋದ ಹಾಗಾಯಿತು. ಅಷ್ಟರಲ್ಲಿ ಮುದುಕಿ ಒಳಗಿನಿಂದ, "ಹೋಗ್ರಿ ಯಪ್ಪಾ, ಶಂಕ್ರಿನ್ನೂ ಹಿಂಗ ಕರ್ಕೊಂಡು ಹೋಗ್ತಿದ್ದಿ" ಎಂದಳು. ಮೇಲೆ ಹೋದ ಜೀವ ಧೊಪ್ಪನೆ ನೆಲಕ್ಕೆ ಬಿತ್ತು.

ಕಾಳಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಹೊಸ ಸೀರೆ ಕೈಯಲ್ಲಿತ್ತು. ಸೀರೆಯೂ ಅವಳ ಎಂಜಲು, ಗಂಡನೂ ಅವಳ ಎಂಜಲು, ನನ್ನದು ಅಂತ ಈ ಲೋಕದಲ್ಲಿ ಏನಾದರೂ ಇದೆಯೇ ಎನ್ನಿಸಿತು. ಜಗುಲಿಯ ಮುಂದೆ ಇಡಲಿಲ್ಲ. ಮಡಿಕೆ ಬಿಚ್ಚಿ ನೇರ ಉಟ್ಟುಕೊಂಡೆ.

"ಆಕಿ ಮುಂದ ಇಟ್ಟು ಉಟ್ಕೊಂಡಿಯಿಲ್ಲಬೇ?" ಎಂದು ಮುದುಕಿ ಬಾಗಿಲಲ್ಲಿ ಕೇಳಿದಳು.

"ಇಟ್ಟೀನವ್ವ" ಎಂದೆ. ಸುಳ್ಳು ಹೇಳುವಾಗ ನಾಲಿಗೆ ತಡವರಿಸಲಿಲ್ಲ.

ಟೆಂಟಿನಲ್ಲಿ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ನಡುವೆ ಹಗ್ಗ. ಮುಂದೆ ಜಮಖಾನ, ಹಿಂದೆ ಬೆಂಚು. ನಾನು ಕೂತ ಬೆಂಚಿನಲ್ಲಿ ನನ್ನ ಬಲಕ್ಕೆ ಗುರುತಿಲ್ಲದ ಮೂವರು ಹೆಂಗಸರಿದ್ದರು. ಎಡಕ್ಕೆ ಇನ್ನೊಬ್ಬರು ಕೂರುವಷ್ಟು ಜಾಗ ಖಾಲಿ. ಅದರ ಆಚೆ ಹಗ್ಗ, ಹಗ್ಗದ ಆಚೆ ಎರಡು ಸಾಲು ಮುಂದೆ ನಮ್ಮ ಮನೆಯವರು. ಹಾಡು ಶುರುವಾಗುವ ಹೊತ್ತಿಗೆ ಖಾಜಾಬಿ ಬಂದಳು. ಬಳೆ ಮಾರುವವಳು; ಆ ವರ್ಷವಷ್ಟೇ ರಾಯಚೂರಿನಿಂದ ಬಂದು ಮುದುಕಿಯ ಮನೆಯ ಎದುರಿಗೆ ಬಾಡಿಗೆಗಿದ್ದಳು. ಶಂಕ್ರಮ್ಮನನ್ನು ಅವಳು ಕಂಡವಳೇ ಅಲ್ಲ. ತೊಟ್ಟಿಲಿನ ದಿನ ನನ್ನ ಕೈಗೆ ಬಳೆ ಇಟ್ಟಿದ್ದಳು.

"ಬಾ ಖಾಜಾಬಿ, ಇಲ್ಲಿ ಜಾಗಾ ಅದ" ಎಂದು ಕರೆದೆ.

ಅವಳು ನನ್ನ ಪಕ್ಕ ನೋಡಿದಳು. "ಇರ್ಲಿ ಬಿಡಕ್ಕಾ, ಕುಂತಾರಲ್ಲ" ಎಂದು ಮುಂದೆ ಹೋಗಿ ಜಮಖಾನದ ಮೇಲೆ ಕೂತಳು. ಇಕ್ಕಟ್ಟು ಬೇಡವಾಗಿರಬೇಕು ಎಂದುಕೊಂಡೆ.

ಮೂರು ಹಾಡಾಯಿತು. ಹುಡುಗಿಯರಿಬ್ಬರು ಕುಣಿದು ಹೋದರು. ಆಮೇಲೆ ಹಾಸ್ಯದವನು ಹೊಟ್ಟೆಗೆ ದಿಂಬು ಕಟ್ಟಿಕೊಂಡು ಬಂದ. ಗಂಡಸರನ್ನು ಸ್ವಲ್ಪ ಕೆಣಕಿ, ಹಣೆಗೆ ಕೈ ಅಡ್ಡ ಹಿಡಿದು ನಮ್ಮ ಕಡೆ ನೋಡಿದ. "ಏ ಲೈಟಿನವನ, ಸ್ವಲ್ಪ ಅವ್ವಗಳ ಕಡೆ ಬಿಡೋ" ಎಂದ. ಬೆಳಕು ಹುಡುಕುತ್ತ ಬಂದು ನನ್ನ ಮೇಲೆ ನಿಂತಿತು.

"ಹಸರ ಸೀರಿ ಅಕ್ಕಾರ, ನಿಮಗ ರೀ! ಇಬ್ಬರೂ ಒಂದ ನಮೂನಿ ಸೀರಿ ಉಟ್ಕೊಂಡು ಬಾಜೂಕ ಬಾಜೂಕ ಕುಂತೀರಿ. ಅಕ್ಕ ತಂಗೇರೋ, ಸವತ್ಯಾರೋ? ಸವತ್ಯಾರಾದ್ರ ಆ ಮಹಾರಾಯ ಎಲ್ಲಿ ಕುಂತಾನ ತೋರಿಸ್ರಿ, ಹೋಗಿ ಕಾಲು ಬೀಳ್ತೀನಿ. ನನಗ ಒಬ್ಬಾಕಿನ್ನ ಸಂಭಾಳ್ಸೂದ್ರಾಗ ಟೊಂಕ ಮುರದದ!"

ಟೆಂಟು ಹಾರಿ ಹೋಗುವ ಹಾಗೆ ಜನ ನಕ್ಕರು. ನಾನು ಬಲಕ್ಕೆ ನೋಡಿದೆ. ಆ ಮೂವರಲ್ಲಿ ಯಾರದೂ ಹಸಿರಲ್ಲ. ಮುಂದಿನ ಸಾಲು, ಹಿಂದಿನ ಸಾಲು ನೋಡಿದೆ. ಇಲ್ಲ. ಎಡಕ್ಕೆ ನೋಡಿದೆ. ಖಾಲಿ ಹಲಗೆ.

ಹೆದರಿಕೆಯಾಯಿತೇ ಎಂದು ಕೇಳಿದರೆ, ಇಲ್ಲ. ಹೆದರಲು ನನಗೆ ಪುರುಸೊತ್ತೇ ಸಿಗಲಿಲ್ಲ. ಯಾಕೆಂದರೆ ಅದೇ ಗಳಿಗೆಯಲ್ಲಿ ನಮ್ಮ ಮನೆಯವರು ಹಿಂದಕ್ಕೆ ತಿರುಗಿದ್ದರು. ನಗುತ್ತಿದ್ದರು. ಭುಜ ಕುಣಿಯುವ ಹಾಗೆ, ಕಣ್ಣು ಸಣ್ಣದಾಗುವ ಹಾಗೆ, ಬಾಯಿ ತುಂಬ. ಜನ ಹೇಳುತ್ತಿದ್ದ ಆ ನಗು ಇದೇ ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಆದರೆ ಅವರ ಕಣ್ಣು ನನ್ನ ಮೇಲಿರಲಿಲ್ಲ. ಒಂದು ಗೇಣು ಎಡಕ್ಕೆ, ಆ ಖಾಲಿ ಹಲಗೆಯ ಮೇಲಿತ್ತು. ನನಗೆ ಕಂಡದ್ದು ಹಾಗೆ.

ಸತ್ತಾದರೂ ಬಿಡಬಾರದೇ ಇವಳು? ಮೂರು ವರ್ಷ ಕಾದದ್ದು ನಾನು, ಬಂದು ತೆಗೆದುಕೊಂಡು ಹೋಗುವವಳು ಇವಳೇ? ಬೇರೆ ಏನೂ ಯೋಚಿಸಲಿಲ್ಲ. ಜರುಗಿ ಆ ಜಾಗದ ಮೇಲೆಯೇ ಕೂತುಬಿಟ್ಟೆ. ಯಾರಿದ್ದರೂ ಇರಲಿ, ಅವರ ತೊಡೆಯ ಮೇಲೆಯೇ ಎಂದು ಗಟ್ಟಿಯಾಗಿ ಕೂತೆ.

ಹಲಗೆ ಬೆಚ್ಚಗಿತ್ತು. ಮನುಷ್ಯರು ಬಹಳ ಹೊತ್ತು ಕೂತು ಈಗಷ್ಟೇ ಎದ್ದುಹೋದರೆ ಇರುತ್ತದಲ್ಲ, ಆ ಬಿಸಿ. ನಾನು ಬಂದಾಗಿನಿಂದ ಅಲ್ಲಿ ಯಾರೂ ಕೂತಿರಲಿಲ್ಲ. ಇದನ್ನು ನಾನು ಎಲ್ಲಿ ಬೇಕಾದರೂ ಆಣೆ ಮಾಡಿ ಹೇಳುತ್ತೇನೆ.

ನಾನು ಜರುಗಿ ಕೂತೊಡನೆ ನಮ್ಮ ಮನೆಯವರ ನಗು ನಿಂತಿತು. ಒಂದು ಕ್ಷಣ ಕಣ್ಣು ಅತ್ತಿತ್ತ ಆಡಿಸಿ ಏನನ್ನೋ ಹುಡುಕಿದರು. ಆಮೇಲೆ ವೇದಿಕೆಯ ಕಡೆ ತಿರುಗಿಕೊಂಡರು. ಮತ್ತೆ ತಿರುಗಲಿಲ್ಲ. ಆಮೇಲೆ ಏನು ಹಾಡಿದರು, ಏನು ಕುಣಿದರು, ನನಗೆ ಒಂದೂ ತಲೆಗೆ ಹೋಗಲಿಲ್ಲ.

ಮನೆಗೆ ಬರುವ ದಾರಿಯಲ್ಲಿ ಗಂಡಸರು ಮುಂದೆ, ನಾವು ಹಿಂದೆ. ಖಾಜಾಬಿ ಕೇಳಿದಳು: "ನಿನ್ನ ಬಾಜೂಕ ಕುಂತಾಕಿ ಎಲ್ಲಿ ಹೋದ್ಲಕ್ಕಾ?"

"ಯಾರು?"

"ಹಸರ ಸೀರಿಯಾಕಿ. ನಿನ್ನ ನಾದ್ನಿ ಅನ್ಕೊಂಡೆ. ಸೆರಗು ಹೊದ್ಕೊಂಡಿದ್ಲು, ಮಾರಿ ಕಾಣಲಿಲ್ಲ."

"ನಿನ್ನ ಕಣ್ಣಿಗೆ ಪೊರಿ ಬಂದದ. ನಾಳೆ ದವಾಖಾನಿಗೆ ಹೋಗು" ಎಂದು ಬೈದೆ. ಅವಳು ಬಳೆ ಇಡುವಾಗ ಕೈಯ ಅಳತೆಯನ್ನು ಕಣ್ಣಲ್ಲೇ ಹೇಳುವವಳು. ಪೊರೆ ಗಿರೆ ಏನೂ ಇರಲಿಲ್ಲ.

ಬೆಳಿಗ್ಗೆ ನೀರಿಗೆ ಹೋಗುವ ನೆಪ ಮಾಡಿ ಕೊಡ ಹಿಡಿದು ಟೆಂಟಿನ ಹತ್ತಿರ ಹೋದೆ. ಹಾಸ್ಯದವನು ಒಂದು ಕನ್ನಡಿಯನ್ನು ಗೂಟಕ್ಕೆ ಸಿಕ್ಕಿಸಿ ಗಡ್ಡ ಕೆರೆದುಕೊಳ್ಳುತ್ತಿದ್ದ. ಹಗಲಿನಲ್ಲಿ ನೋಡಿದರೆ ನಗು ಬರುವ ಮನುಷ್ಯನೇ ಅಲ್ಲ. ಹೊಟ್ಟೆ ನೋವಿನವರ ಹಾಗಿದ್ದ. ಸುತ್ತಿ ಬಳಸದೆ ಕೇಳಿದೆ: "ನಿನ್ನೆ ನನ್ನ ಬಾಜೂಕ ಯಾರನ್ನ ನೋಡಿದಿ?"

ಅವನು ಜಗಳಕ್ಕೆ ಬಂದಳು ಎಂದುಕೊಂಡ. "ಸಿಟ್ಟಾಗಬ್ಯಾಡ್ರಿ ಅವ್ವಾರ. ಪ್ರತಿ ಊರಾಗೂ ಈ ಮಾತು ಅಂತೀನಿ. ಅಂಗಡ್ಯಾಗ ಒಂದ ನಮೂನಿ ಸೀರಿ ನಾಕು ಬಂದಿರ್ತಾವ, ಹುಡುಕಿದ್ರ ಇಬ್ಬರು ಸಿಕ್ಕ ಸಿಗ್ತಾರ."

"ಸಿಗಲಿಲ್ಲ ಅಂದ್ರ?"

"ಸಿಗಲಿಲ್ಲ ಅಂದ್ರ ಅನ್ನಂಗಿಲ್ಲ. ಜನ ತಿರುಗಿ ನೋಡ್ತಾರ, ಇಲ್ಲದ್ದು ಅಂದ್ರ ನನ್ನ ಮಾರಿ ಉಳೀತದೇನು? ನಿನ್ನೆ ಇದ್ರು, ಅಂದೆ." ಬ್ಲೇಡು ಒರೆಸಿಕೊಂಡು ಮತ್ತೆ ಹೇಳಿದ: "ನೀವು ಮಾರಿ ಗಂಟು ಹಾಕ್ಕೊಂಡು ಕುಂತಿದ್ರಿ. ಆ ಅಕ್ಕಾರು ಭಾಳ ಛಲೋ ನಕ್ಕರು."

ಮನೆಗೆ ಬಂದು ಆ ಸೀರೆಯನ್ನು ಒಗೆದು ಒಣಗಿಸಿ, ಮಡಚಿ ಜಗುಲಿಯ ಮುಂದೆ ಇಟ್ಟೆ. "ನೀ ಉಟ್ಟು ಕೊಡು" ಎನ್ನಲಿಲ್ಲ. "ಸೀರಿ ನೀನ ಇಟ್ಕೋ. ಆ ನಗಿ ನನಗ ಕೊಡು" ಎಂದೆ. ಬೇಡಿಕೊಂಡೆ ಎಂದು ಯಾರೂ ತಿಳಿಯಬೇಡಿ. ಸಂತೆಯಲ್ಲಿ ಮಾತಾಡಿದ ಹಾಗೆಯೇ ಮಾತಾಡಿದೆ.

ನಮ್ಮ ಮನೆಯವರನ್ನು ಮಾತ್ರ ಏನೂ ಕೇಳಲಿಲ್ಲ. ದೆವ್ವಕ್ಕೆ ಹೆದರದವಳು ಗಂಡನ ಬಾಯಿಂದ ಬರುವ ಒಂದು ಉತ್ತರಕ್ಕೆ ಹೆದರಿದೆ. ಎರಡು ಮಕ್ಕಳಾದವು. ಅವರು ಗಿರಣಿಯ ಕೆಲಸ ಬಿಟ್ಟು ರಾಯಚೂರಿಗೆ ಬಂದು ಹತ್ತಿಯಿಂದ ಬೀಜ ಬಿಡಿಸುವ ಕಾರ್ಖಾನೆಯಲ್ಲಿ ಸೇರಿದರು. ಮಕ್ಕಳನ್ನು ಆಡಿಸುವಾಗ ಸ್ವಲ್ಪ ಮೆತ್ತಗಾಗುತ್ತಿದ್ದರು, ಅಷ್ಟೇ. ಆ ನಗು ಮತ್ತೆ ಕಾಣಲಿಲ್ಲ.

ಎಂಟೊಂಬತ್ತು ವರ್ಷ ಕಳೆದ ಮೇಲೆ ಒಂದು ದಿನ ಊಟಕ್ಕೆ ಕೂತಿದ್ದರು. ಬೀದಿಯಲ್ಲಿ ಜಟಕಾಕ್ಕೆ ಮೈಕು ಕಟ್ಟಿಕೊಂಡು ಯಾವುದೋ ಆರ್ಕೆಸ್ಟ್ರಾದವರು ಕೂಗಿಕೊಂಡು ಹೋದರು. ಆಗ ಬಾಯಿ ತಡೆಯಲಿಲ್ಲ.

"ಮಾನ್ವ್ಯಾಗ ಅವತ್ತು ತಿರುಗಿ ಯಾರನ್ನ ನೋಡಿ ನಕ್ರಿ?" ಎಂದೆ.

ಯಾವತ್ತು ಎಂದು ಅವರು ಕೇಳಲಿಲ್ಲ. ಅವರಿಗೂ ನೆನಪಿತ್ತು. "ಮತ್ತ್ಯಾರನ್ನ? ನಿನ್ನ ನೋಡೇ ನಕ್ಕೆ. ಊರ ಮಂದಿ ಎಲ್ಲಾ ನಗಾಕತ್ತಿದ್ರ ನೀನೊಬ್ಬಾಕಿ ಗಿಣಿ ಹಂಗ ಹಸರ ಸೀರಿ ಉಟ್ಟು, ಗೂಬಿ ಹಂಗ ಕುಂತಿದ್ದಿ."

"ನಾ ಜರಗಿ ಕುಂತ ಕೂಡ್ಲೆ ಯಾಕ ನಗಿ ನಿಂತಿತು?"

"ನೀ ಜರಗಿದಿ, ನಡುವ ಟೆಂಟಿನ ಕಂಬ ಬಂತು. ನಿನ್ನ ಮಾರಿ ಕಾಣಲಿಲ್ಲ. ಇನ್ನೊಂದೀಟು ಸಾರು ಹಾಕು" ಎಂದರು.

ನಮ್ಮ ಮನೆಯವರು ಸುಳ್ಳು ಹೇಳುವವರಲ್ಲ. ಹಾಗೆಂದು ಎದುರಿಗಿದ್ದವರ ಮನಸ್ಸು ನೋಯುವ ಮಾತು ಆಡುವವರೂ ಅಲ್ಲ. ಅವತ್ತು ಹೇಳಿದ್ದು ನಿಜವೋ, ನನ್ನ ಮನಸ್ಸು ಕಾಯಲು ಆಡಿದ ಮಾತೋ, ನನಗೆ ತಿಳಿಯಲಿಲ್ಲ. ಮತ್ತೆ ಕೇಳಲಿಲ್ಲ. ಈಗ ಅವರೂ ಇಲ್ಲ.

ಖಾಜಾಬಿ ಕಂಡದ್ದಕ್ಕೆ, ಆ ಹಾಸ್ಯದವನು ಹೇಳಿದ್ದಕ್ಕೆ, ಹಲಗೆಯ ಬಿಸಿಗೆ ಉತ್ತರ ಹುಡುಕುವುದನ್ನು ಬಿಟ್ಟಿದ್ದೇನೆ. ಆದರೆ ಈಗಲೂ ನಿದ್ದೆ ಬಾರದಿದ್ದಾಗ ಕಣ್ಣು ಮುಚ್ಚಿ ಆ ಟೆಂಟಿನೊಳಗೆ ಹೋಗುತ್ತೇನೆ. ಬೆಂಚು ಕಾಣುತ್ತದೆ, ಹಗ್ಗ ಕಾಣುತ್ತದೆ, ಲೈಟು ಕಾಣುತ್ತದೆ, ಬಾಯಿ ತುಂಬ ನಗುವ ಅವರು ಕಾಣುತ್ತಾರೆ. ಕಂಬವನ್ನು ಮಾತ್ರ ಹುಡುಕುತ್ತಲೇ ಇದ್ದೇನೆ. ಕಂಬವಿಲ್ಲದೆ ಟೆಂಟು ನಿಲ್ಲುವುದಿಲ್ಲ, ಅಷ್ಟು ನನಗೂ ಗೊತ್ತು. ಆದರೆ ಅದು ಅಲ್ಲಿಯೇ ಇತ್ತೇ? ಇದ್ದಿದ್ದರೆ, ಅಷ್ಟು ವರ್ಷ ಕಾದ ಆ ನಗು ನನ್ನದೇ ಆಗಿತ್ತು, ಅದನ್ನು ಬಿಟ್ಟು ಜರುಗಿ ಹೋದವಳೂ ನಾನೇ.