ನಾವು ಅಂದರೆ ಎಷ್ಟು ಜನ

'ನಾವು' ಎಂಬ ಪುಟ್ಟ ಪದವನ್ನು ಆಡುವ ಮುನ್ನ ನೀವು ಎಂದಾದರೂ ತಲೆ ಎಣಿಸಿದ್ದೀರಾ? ಕನ್ನಡನಾಡಿನವರಿಗೆ ಈ ತಾಪತ್ರಯವಿಲ್ಲ. ಆದರೆ ತಮಿಳುನಾಡಿನ ಕಂಬಂ ಕಣಿವೆಯ ಹನುಮಂತನಪಟ್ಟಿಯಲ್ಲಿ, ಹೊಸ್ತಿಲ ಒಳಗೆ ಕನ್ನಡವನ್ನೂ ಹೊರಗೆ ತಮಿಳನ್ನೂ ಆಡುತ್ತ ಎಷ್ಟೋ ತಲೆಮಾರು ಕಳೆದ ನಮ್ಮಂಥವರಿಗೆ ಅದು ನಿತ್ಯದ ಪಂಚಾಯಿತಿ. ತಮಿಳಿನಲ್ಲಿ 'ನಾವು' ಎರಡು: ಕೇಳುತ್ತಿರುವವನನ್ನೂ ಸೇರಿಸಿಕೊಂಡರೆ 'ನಾಮ', ಅವನನ್ನು ಬಿಟ್ಟು ಹೇಳಿದರೆ 'ನಾಂಗ'. ನಮ್ಮ ಮನೆಮಾತಿನಲ್ಲೋ ಎರಡಕ್ಕೂ ಇರುವುದು ಒಂದೇ 'ನಾವು'. ಮೂವತ್ತು ವರ್ಷ ಶಾಲೆಯಲ್ಲಿ ತಮಿಳು ವ್ಯಾಕರಣ ಬೋಧಿಸಿದ ಪಂಡಿತಮ್ಮನ್ಯನಾದ ನಾನು, ಇದು ನಮ್ಮ ಭಾಷೆಯ ದಾರಿದ್ರ್ಯವೆಂದೇ ನಂಬಿ ಮನೆಯವರಿಗೆಲ್ಲ ಕೊರೆದದ್ದುಂಟು.

ಪಕ್ಕದ ಮನೆಯಲ್ಲೇ ಇರುವ ನನ್ನ ತಮ್ಮ ರಾಮಸಾಮಿಗೂ ನನಗೂ ದ್ರಾಕ್ಷಿ ತೋಟದ ನೀರಿನ ಸರದಿಯ ಬಗ್ಗೆ ಒಮ್ಮೆ ಮಾತು ಬಂತು. ಮಾತು ಬಂದದ್ದರಿಂದ ಎರಡು ವರ್ಷ ಮಾತು ನಿಂತಿತು. ಇಬ್ಬರೂ ಒಳಗೊಳಗೇ ಬೇಯುತ್ತಿದ್ದೆವು, ಮೊದಲು ಬಾಯಿ ಬಿಡುವಷ್ಟು ದೊಡ್ಡವರು ಮಾತ್ರ ಆಗಲಿಲ್ಲ. ನನ್ನ ಐದು ವರ್ಷದ ಮೊಮ್ಮಗಳು ಕಣ್ಮಣಿಗೆ ಈ ಘನಕಾರ್ಯ ತಿಳಿದೇ ಇರಲಿಲ್ಲ. ಇಲ್ಲಿ ಮಿಂದು, ಅಲ್ಲಿ ಇಡ್ಲಿ ತಿಂದು, ನಡುವಿನ ಗೋಡೆಯ ಸಂದಿಯಲ್ಲಿ ಗಾಳಿಯ ಹಾಗೆ ಓಡಾಡುತ್ತಿದ್ದಳು.

ಕುಲದೇವರಿಗೆ ಪೊಂಗಲ್ ಇಡಲು ಹೊರಡುವ ಮುನ್ನಾದಿನ ನನ್ನ ಹೆಂಡತಿ ಕಣ್ಮಣಿಯ ಕೈಯಲ್ಲಿ ಸುದ್ದಿ ಕಳಿಸಿದಳು: "ನಾಳೆ ನಾವು ಆಂಡಿಪಟ್ಟಿ ಕೋಯಿಲ್‌ಗೆ ಹೋತೀವಿ, ಕರೂಗೆ ನೀರು ಇಡ್ರಿ ಅಂತ ಚಿನ್ನತಾತಂಗೆ ಸೊಲ್ಲಮ್ಮ." ಮಗು ಸುದ್ದಿಯ ಮೊದಲರ್ಧವನ್ನು ತನ್ನ ಚಿನ್ನತಾತ ರಾಮಸಾಮಿಗೆ ಮುಟ್ಟಿಸಿತು, ಕರುವನ್ನು ದಾರಿಯಲ್ಲೇ ಮರೆತಿತು.

ಮರುದಿನ ಬೆಳಕು ಹರಿಯುವಾಗ ಬೆಟ್ಟದಿಂದಿಳಿದ ಮಂಜು ದ್ರಾಕ್ಷಿ ಚಪ್ಪರಗಳ ಮೇಲೆ ಮಲಗಿತ್ತು. ಊರು ಇನ್ನೂ ಪೂರ್ತಿ ನಿಜವಾಗಿರಲಿಲ್ಲ. ಆ ಅರೆಗನಸಿನೊಳಗಿಂದಲೇ ಎಂಬಂತೆ, ಒಗೆದ ಬಿಳಿ ವೇಷ್ಟಿ ಉಟ್ಟು, ಹಣೆಗೆ ವಿಭೂತಿ ಬಳಿದು, ಕೈಯಲ್ಲಿ ಹೊಸ ಬೆಲ್ಲದ ಪೊಟ್ಟಣ ಹಿಡಿದು ರಾಮಸಾಮಿ ನಮ್ಮ ವ್ಯಾನಿನ ಪಕ್ಕ ಬಂದು ನಿಂತ. ನಾವೆಲ್ಲ ಬೆರಗಾಗಿ ನೋಡಿದೆವು. ಆ ನೋಟದಲ್ಲೇ ಅವನಿಗೆ ಎಡವಟ್ಟು ಅರ್ಥವಾಯಿತು. ಮುಖ ಸಪ್ಪಗಾಯಿತು, ಬೆಲ್ಲ ಬೆನ್ನ ಹಿಂದೆ ಹೋಯಿತು.

"ಪಾಪು 'ನಾವು' ಅಂತು, ಅಣ್ಣಾ," ಎಂದು ನೆಲ ನೋಡುತ್ತ ಹೇಳಿದವನು, ಕನ್ನಡದಲ್ಲಿ ಕೇಳಲಾಗದ ಪ್ರಶ್ನೆಯನ್ನು ತಮಿಳಿನಲ್ಲಿ ಕೇಳಿದ: "ನಾಂಗಳಾ, ನಾಮಳಾ?"

ಪ್ರಿಯ ಓದುಗರೇ, ನನ್ನ ವೃತ್ತಿಜೀವನದಲ್ಲಿ ಸರ್ವನಾಮದ ಬಗ್ಗೆ ಇಷ್ಟು ಕಷ್ಟದ ಪ್ರಶ್ನೆಯನ್ನು ಯಾವ ವಿದ್ಯಾರ್ಥಿಯೂ ಕೇಳಿರಲಿಲ್ಲ. 'ನಾಂಗ' ಎಂದರೆ ಸತ್ಯ, ಅವನು ಮನೆಗೆ ತಿರುಗಬೇಕು, ಬಹುಶಃ ಇನ್ನೆಂದೂ ಬರಲಾರ.

"ನಾಮ ತಾಂಡಾ," ಎಂದೆ. "ಏರು, ಹೊತ್ತಾಯ್ತು."

ಕರುವಿಗೆ ನೀರಿಡಲು ಎದುರುಮನೆಯವರಿಗೆ ಹೇಳಿ ಹೊರಟೆವು. ವ್ಯಾನು ತೇನಿ ದಾಟಿತು. ಮೇಷ್ಟರ ಚಪಲ ಸುಮ್ಮನಿರಬೇಕಲ್ಲ; ತೊಡೆಯ ಮೇಲಿದ್ದ ಕಣ್ಮಣಿಯನ್ನು ಮೆಲ್ಲಗೆ ಕೇಳಿದೆ, "ನೀನು ಹೇಳಿದ್ದು ಯಾವ 'ನಾವು', ಕಣ್ಣು? ನಾಮವಾ, ನಾಂಗವಾ?"

ಅವಳು ನನ್ನನ್ನೇ ದಿಟ್ಟಿಸಿದಳು. ಇಷ್ಟು ದೊಡ್ಡವನಿಗೆ ಇಷ್ಟೂ ತಿಳಿಯದೇ ಎಂಬ ಮರುಕ ಆ ಕಣ್ಣಲ್ಲಿತ್ತು.

"ಚಿನ್ನತಾತನ್ನ ಬಿಟ್ಟು ಹೋದ್ರೆ ಅದು ನಾವಾ, ತಾತಾ?"

ರಾಮಸಾಮಿ ಮುಖವನ್ನು ಕಿಟಕಿಯತ್ತ ತಿರುಗಿಸಿ ಟವಲಿನಿಂದ ಕಣ್ಣೊರೆಸಿಕೊಂಡ. ನಾನು ಅವನ ಕೈ ಹಿಡಿದುಕೊಂಡೆ. ಗುಡಿ ಬರುವವರೆಗೂ ಬಿಡಲಿಲ್ಲ.